ರೇಣವ್ವ ತಂದ ರೊಟ್ಟಿ

ಸೀತವ್ವ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಿದ್ದಾಗ ಪಕ್ಕದ ಮನೆಯ ರೇಣವ್ವ ಒಳಗೆ ಬಂದಳು. ಕೈಯಲ್ಲಿ ಬಿಳಿ ಅರಿವೆ ಮುಚ್ಚಿದ ಬುಟ್ಟಿ. ಅದನ್ನು ಗೋಡೆಗೆ ತಾಗಿಸಿಟ್ಟು ಅಲ್ಲೇ ಕುಕ್ಕರಿಸಿದಳು.

"ಏನ ತಂದೀ ಬೇ?"

"ರೊಟ್ಟಿ."

"ಯಾರಿಗೆ? ನನ್ನ ಒಲಿ ಉರಿಯಾಕತ್ತೈತಿ, ನಿನಗ ಕಣ್ಣ ಕಾಣವಲ್ಲವೇನು?"

ರೇಣವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ನೆರೆಯವರು ರೊಟ್ಟಿ ಬಡಿದು ತಂದು, ಏನೂ ಹೇಳದೆ ಇಟ್ಟು ಕೂರುತ್ತಾರೆ. ಸಾವಿನ ಸುದ್ದಿ ತಂದವರು ಮಾತ್ರ ಆ ಮನೆಯಲ್ಲಿ ಒಂದು ತುತ್ತೂ ಮುಟ್ಟದೆ ಎದ್ದು ಹೋಗುತ್ತಾರೆ. ಕಳ್ಳಕವಟಗಿ ಊರಲ್ಲಿ ಸೀತವ್ವ ತಾನೇ ಎಷ್ಟು ಮನೆಗಳಿಗೆ ಇಂಥ ಬುಟ್ಟಿ ಹೊತ್ತಿದ್ದಳೋ. ಅವಳ ಕೈ ನಿಂತಿತು. ಹಂಚಿನ ಮೇಲೆ ರೊಟ್ಟಿ ಸೀಯತೊಡಗಿತು.

"ಟಿವ್ಯಾಗ ತೋರಿಸಾಕತ್ತಾರ," ಎಂದಳು ರೇಣವ್ವ. "ಗೌತಮನ ಫೋಟೋ. ಗುಂಡಿನ ಸಪ್ಪಳ. ನೀ ಅಳೋದು."

"ನಾ ಯಾವಾಗ ಅತ್ತೆ?"

ಕೌದಿಯ ಮೇಲೆ ತಾಟಿನ ಮುಂದೆ ಮೊದಲ ರೊಟ್ಟಿಗೆ ಕಾದು ಕೂತಿದ್ದ ಟಿವಿ ವರದಿಗಾರ್ತಿ ಮೇಘಾ ತಟ್ಟನೆ ತಲೆ ಎತ್ತಿದಳು. ಸೀತವ್ವ ಅತ್ತಿರಲಿಲ್ಲ. ಬೆಳಿಗ್ಗೆ ಚಹಾ ಮಾಡುವಾಗ ಒಲೆ ಊದಿ ಊದಿ ಅವಳ ಕಣ್ಣಲ್ಲಿ ನೀರು ಬಂದಿತ್ತು. ಅವಳ ಕ್ಯಾಮೆರಾಮನ್ ಸಾದಿಕ ಅದನ್ನು ಹಿಡಿದುಕೊಂಡು, ಆಮೇಲೆ ಕ್ಯಾಮೆರಾ ಪಕ್ಕಕ್ಕಿಟ್ಟು ತಾನೇ ಊದುಗೊಳವೆ ಇಸಿದುಕೊಂಡು ಒಲೆ ಊದಿಕೊಟ್ಟಿದ್ದ.

ಮೇಘಾ ವಿಜಯಪುರದವಳು, ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯವಳು. ಚಾನೆಲ್ಲಿನವರು ಅವಳನ್ನು ಗಡಿಗೆ ಕಳಿಸಿದ್ದರು. ಅಲ್ಲಿ ಶೆಲ್ ಬಿದ್ದು ಅರ್ಧ ಕುಸಿದಿದ್ದ ಒಂದು ಶಾಲೆಯಲ್ಲಿ ಅವಳು ಫೋನಿನಲ್ಲಿ ತಾಯಿಯೊಡನೆ ಮಾತಾಡುವುದನ್ನು ಕೇಳಿ ಒಬ್ಬ ಸೈನಿಕ ಹತ್ತಿರ ಬಂದಿದ್ದ, ಸೀತವ್ವನ ಮಗ ಗೌತಮ. "ಯಾವೂರ್ರೀ ಅಕ್ಕಾರ? ನಮ್ಮ ಕಡೆ ಮಾತ ಕೇಳಿ ಹೊಟ್ಟಿ ತುಂಬಿತು ನೋಡ್ರಿ." ಎರಡು ದಿನದಿಂದ ಬರೀ ಬಿಸ್ಕೀಟಿನ ಮೇಲಿದ್ದ ಅವಳ ಅಂಗೈಗೆ ಅವನು ಮನೆಯಿಂದ ತಂದಿದ್ದ ಶೇಂಗಾ ಹಿಂಡಿಯನ್ನು, ಆ ಚಟ್ನಿಪುಡಿಯನ್ನು, ಸುರುವಿದ್ದ. ಇಲ್ಲಿ ಫೋನು ಹಚ್ಚಂಗಿಲ್ಲ, ಊರಿಗೆ ಹೋದರೆ ಅವ್ವಗ ಆರಾಮ ಅದೀನಿ ಅಂತ ಹೇಳ್ರಿ ಎಂದಿದ್ದ. ಸೈನಿಕರ ಚಿತ್ರ ತೆಗೆಯುವಂತಿರಲಿಲ್ಲ, ತೆಗೆದಿರಲಿಲ್ಲ. ಆ ಮಾತನ್ನು ಮುಟ್ಟಿಸಲೆಂದೇ ಇವತ್ತು ಬಂದಿದ್ದಳು. ಬೆಳಿಗ್ಗೆ ಅದನ್ನು ಕೇಳಿ ಸೀತವ್ವ ನಕ್ಕಿದ್ದಳು. "ತಿನ್ನಲಿ ಅಂತ ಕುಟ್ಟಿ ಕೊಟ್ಟರ ಮಂದಿಗೆ ಹಂಚ್ಯಾನ ನೋಡು, ಧರ್ಮರಾಯ." ಮೇಘಾ ವರದಿಯನ್ನು ಹಾಗೆಯೇ ಬರೆದು, ಸಾದಿಕ ತೆಗೆದ ಚಿತ್ರಗಳ ಜೊತೆ ಕಳಿಸಿದ್ದಳು: ಮಗ ಕ್ಷೇಮ, ತಾಯಿಗೆ ಸಮಾಧಾನ.

ಸಾದಿಕ ಹೊರಗಿನಿಂದ ಮೊಬೈಲು ಹಿಡಿದು ಬಂದ. ಪರದೆಯಲ್ಲಿ ಈ ಮನೆಯ ಗೋಡೆಯ ಮೇಲಿನ ಗೌತಮನ ಫೋಟೋ ಇತ್ತು, ಅದರ ಕೆಳಗೆ ಚಾನೆಲ್ಲಿನವರು ಉರಿಯುವ ದೀಪದ ಚಿತ್ರ ಕೂರಿಸಿದ್ದರು. ಮೇಘಾ ಗಡಿಯಲ್ಲಿ ತೆಗೆಸಿದ್ದ ಸ್ಫೋಟ, ಅದರ ಹಿಂದೆ ಅವಳದೇ ಆಗಿನ ದನಿ. ಸೀತವ್ವನ ಒದ್ದೆ ಕಣ್ಣು. ಶೋಕದ ಸಂಗೀತ. ಮೇಘಾ ಇವತ್ತು ಬರೆದು ಕಳಿಸಿದ್ದರಲ್ಲಿ ಒಂದು ಅಕ್ಷರವೂ ಇರಲಿಲ್ಲ.

ಅವಳು ಅಂಗಳಕ್ಕೆ ಹೋಗಿ ಚಾನೆಲ್ಲಿನ ಸುದ್ದಿ ಡೆಸ್ಕಿನ ಹೇಮಂತನಿಗೆ ಫೋನು ಹಚ್ಚಿದಳು.

"ಸತ್ತ ಅಂತ ನಾವೆಲ್ಲಿ ಹೇಳಿದ್ದೀವಿ ಮೇಘಾ? 'ಮಗನಿಗಾಗಿ ತಾಯಿಯ ಕಣ್ಣೀರು' ಅಂತಷ್ಟೇ."

"ಅದು ಹೊಗೆ. ಕಣ್ಣೀರಲ್ಲ."

"ನೋಡೋರಿಗೆ ಗೊತ್ತಾಗುತ್ತಾ?"

"ದೀಪ ಯಾಕೆ ಇಟ್ರಿ?"

"ಗ್ರಾಫಿಕ್ಸ್‌ನವರು ಹಾಕಿದ್ದಾರೆ. ಜನ ನೋಡ್ತಿದ್ದಾರೆ ಕಣ್ರೀ, ಸಂಜೆವರೆಗೂ ಓಡ್ಲಿ. ನೀವಲ್ಲೇ ಇದ್ದೀರಲ್ಲ, ತಾಯಿನ ಕೂರಿಸಿ ಒಂದು ಲೈವ್ ಕೊಡಿ."

"ಈಗಿಂದೀಗ ತೆಗೀರಿ. ಇಲ್ಲಾಂದ್ರೆ ಬೇರೆಯವರ ಕ್ಯಾಮೆರಾದ ಮುಂದೆ ನಿಂತು ನಿಮ್ಮ ಹೆಸರು ಹಿಡಿದು ಹೇಳ್ತೀನಿ."

ಹೇಮಂತ ನಕ್ಕ. "ಊಟ ಆಗಿಲ್ಲ ಅನ್ಸುತ್ತೆ ನಿಮ್ದು." ಮೇಘಾ ಫೋನು ಕಟ್ ಮಾಡಿದಳು. ಗಡಿಯಲ್ಲಿ ಗೋಡೆ ಕುಸಿದಾಗಲೂ ಅವಳಿಗೆ ಇಷ್ಟು ಸಿಟ್ಟು ಬಂದಿರಲಿಲ್ಲ. ಅಲ್ಲಿ ಶೆಲ್ ಹಾರಿಸಿದವರು ಅವಳಿಗೆ ಗೊತ್ತಿಲ್ಲದವರು. ಈ ಸುದ್ದಿಯನ್ನು ಹಾರಿಸಿದವರ ಹುಟ್ಟುಹಬ್ಬಕ್ಕೆ ಅವಳು ಕೇಕು ತಿಂದಿದ್ದಳು.

ಒಳಗೆ ಸೀತವ್ವ ಒಲೆಯಿಂದ ಕಟ್ಟಿಗೆ ಹಿಂದಕ್ಕೆಳೆಯುತ್ತಿದ್ದಳು.

"ಅವ್ವಾ, ಆರಿಸಬ್ಯಾಡ್ರಿ. ಅದು ಸುಳ್ಳ. ಗೌತಮ ಆರಾಮ ಅದಾನ."

ಸೀತವ್ವ ತಲೆ ಎತ್ತಲಿಲ್ಲ. "ಮುಂಜಾನೆ ಬಂದಕೂಡ್ಲೆ ಇದ ಮಾತ ಹೇಳಿದಿ. ಸುದ್ದಿ ತಂದೋರು ಎಲ್ಲಾರೂ ಮೊದಲ ಆರಾಮ ಅದಾನ ಅಂತನ ಹೇಳ್ತಾರ. ನಾನೂ ಹೇಳೀನಿ, ಬ್ಯಾರೆಯವರ ಮನ್ಯಾಗ. ಅಷ್ಟ ದೂರದಿಂದ ಬರೀ ಒಂದ ಮಾತ ಹೇಳಾಕ ಯಾರ ಬರ್ತಾರ? ಖರೇ ಹೇಳು ಯವ್ವಾ. ನನ್ನ ಮಗ ಅದಾನೋ, ಇಲ್ಲೋ?"

"ಅದಾನ್ರಿ. ನನ್ನ ಎದುರ ನಿಂತು ಮಾತಾಡ್ಯಾನ."

ಮಾತು ಕೆಲಸಕ್ಕೆ ಬರಲಿಲ್ಲ. ಮೇಘಾಳ ದನಿಯನ್ನೇ ಅಲ್ಲವೇ ಚಾನೆಲ್ಲಿನವರು ಸ್ಫೋಟದ ಹಿಂದೆ ಹಾಕಿದ್ದು. ಬಾಗಿಲಲ್ಲಿ ಇನ್ನಿಬ್ಬರು ಹೆಂಗಸರು ಬುಟ್ಟಿ ಹಿಡಿದು ನಿಂತಿದ್ದರು. ಒಳ್ಳೆಯವರು, ತಮ್ಮ ಮನೆಯ ಊಟ ಬಿಟ್ಟು ಬಂದವರು. ಅವರ ಕಡೆ ನೋಡಲು ಒಲ್ಲದೆ ಸೀತವ್ವ ಮುಖ ತಿರುಗಿಸಿದ್ದಳು.

ಮೇಘಾ ತಂಬಿಗೆಯ ನೀರಿನಿಂದ ಕೈ ತೊಳೆದು ಮತ್ತೆ ತಾಟಿನ ಮುಂದೆ ಕೂತಳು.

"ಹಂಚಿನ ಮ್ಯಾಲಿಂದ ಹಾಕ್ರಿ ಅವ್ವಾ."

"ಕರಕ ಆಗೈತಿ."

"ಆಗಲಿ ಹಾಕ್ರಿ. ಹಸಿವಿ ಆಗೈತಿ ನನಗ."

ಸೀತವ್ವ ತಲೆ ಎತ್ತಿದಳು. ಮೇಘಾ ತಾನೇ ಕೈ ಚಾಚಿ ರೊಟ್ಟಿ ತೆಗೆದುಕೊಂಡಳು, ಮುರಿದಳು, ಹಿಂಡಿಯಲ್ಲಿ ಅದ್ದಿ ಬಾಯಿಗಿಟ್ಟಳು. ಕರಕಲನ್ನೂ ಬಿಡದೆ ಅಗಿದು ನುಂಗಿದಳು. ಪಕ್ಕದಲ್ಲಿ ಬೋರಲು ಬಿದ್ದ ಮೊಬೈಲು ಗುಂಯ್ ಎನ್ನುತ್ತಿತ್ತು, ಅವಳು ಮುಟ್ಟಲಿಲ್ಲ. ಸಾದಿಕ ಅವಳನ್ನೊಮ್ಮೆ, ಸೀತವ್ವನನ್ನೊಮ್ಮೆ ನೋಡಿ, ಚಪ್ಪಲಿ ಬಿಟ್ಟು ಬಂದು ಪಕ್ಕದಲ್ಲಿ ಕೂತ. "ನನಗೂ ಒಂದ ರೊಟ್ಟಿ ಹಾಕ್ರಿ ಅವ್ವಾ," ಎಂದ.

ಸಾವಿನ ಸುದ್ದಿ ತಂದವರು ಮುಟ್ಟದ ತುತ್ತನ್ನು ಎತ್ತುತ್ತಿದ್ದ ಮೇಘಾಳ ಕೈಯನ್ನೇ ಸೀತವ್ವ ನೋಡುತ್ತಿದ್ದಳು. ತಾಟಿನಿಂದ ಬಾಯಿಗೆ, ಬಾಯಿಂದ ತಾಟಿಗೆ. ರೊಟ್ಟಿ ಮುಗಿಯಿತು.

"ಇನ್ನೊಂದ ಹಾಕ್ರಿ," ಎಂದಳು ಮೇಘಾ.

ಸೀತವ್ವ ಖಾಲಿಯಾದ ತಾಟನ್ನು ನೋಡಿದಳು. ಆಮೇಲೆ ಕೈ ಒದ್ದೆ ಮಾಡಿಕೊಂಡು ಹಿಟ್ಟಿನ ಉಂಡೆ ತೆಗೆದಳು. ರೊಟ್ಟಿ ಬಡಿಯುವ ಸಪ್ಪಳ ಕೇಳಿ ಬಾಗಿಲಲ್ಲಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ರೇಣವ್ವ ಎದ್ದು ತನ್ನ ಬುಟ್ಟಿಯನ್ನು ಹೊಸ್ತಿಲಾಚೆ ಇಟ್ಟು ಬಂದಳು, ಒಲೆಯ ಮುಂದೆ ಬಗ್ಗಿ, ಹಿಂದಕ್ಕೆಳೆದಿದ್ದ ಕಟ್ಟಿಗೆಯನ್ನು ಮತ್ತೆ ಒಳಗೆ ತಳ್ಳಿದಳು.