ಎರಡು ನೀರಿಗೂ ಒಂದೇ ಕೋಲು

ರೈಲು ಓಡಿಸುವುದನ್ನು ಬಿಟ್ಟು ಮನೆಯಲ್ಲಿ ಕೂತು ಅವನಿಗೆ ಐದು ವಾರವಾಗಿತ್ತು. ಅಂದು ಅವನು ಓಡಿಸುತ್ತಿದ್ದದ್ದು ಬೆಳಗಿನ ಒಂಬತ್ತೂವರೆಯ ಪ್ಯಾಸೆಂಜರ್ ಗಾಡಿ. ಒಂದು ತಿರುವು ಕಳೆದರೆ ನೇರ ಹಳಿ. ಆ ಹಳಿಯ ನಡುವೆ ಒಬ್ಬ ಮನುಷ್ಯ ನಿಂತಿದ್ದ. ಹಾರ್ನ್ ಹೊಡೆದದ್ದೂ ಬ್ರೇಕ್ ಹಾಕಿದ್ದೂ ಎರಡೂ ಸರಿಯಾದ ಹೊತ್ತಿಗೇ ಆಗಿದ್ದವೆಂದು ವಿಚಾರಣೆಗೆ ಬಂದವರು ಬರೆದುಕೊಂಡರು. ಜೊತೆಯ ಡ್ರೈವರುಗಳು ಮನೆಗೆ ಬಂದು, ನಮ್ಮ ಕೆಲಸದಲ್ಲಿ ಇದು ಇದ್ದದ್ದೇ, ನನಗೆ ಮೂರಾಗಿದೆ, ಇವನಿಗೆ ಎರಡಾಗಿದೆ ಎಂದು ಬೆರಳು ಮಡಚಿ ಹೇಳಿ, ಕಾಫಿ ಕುಡಿದು ಹೋದರು. ಡಾಕ್ಟರು ಎರಡು ತಿಂಗಳ ರಜೆ ಬರೆದುಕೊಟ್ಟರು.

ಅವನು ಅಳಲಿಲ್ಲ. ಊಟ ಬಿಡಲಿಲ್ಲ. ರಾತ್ರಿ ಮಲಗಿದರೆ ಬೆಳಗಾಗುವವರೆಗೆ ಮಗ್ಗುಲು ಬದಲಿಸದೆ ನಿದ್ದೆ ಮಾಡಿದ. ಹೆಂಡತಿಗೆ ಹೆದರಿಕೆಯಾದದ್ದು ಅದಕ್ಕೇ. ಅತ್ತಿದ್ದರೆ, ಕೂಗಾಡಿದ್ದರೆ, ಏನಾದರೂ ಎತ್ತಿ ಎಸೆದಿದ್ದರೆ ಅವಳಿಗೆ ದಾರಿ ತೋಚುತ್ತಿತ್ತು. ಅವಳು ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಕೆಲಸ ಮಾಡುವವಳು. ಯಾವ ನೋವಿಗೆ ಯಾವ ಗುಳಿಗೆ ಎಂಬುದು ಅವಳಿಗೆ ಬಾಯಿಪಾಠ. ನೋವೇ ಇಲ್ಲದವನಿಗೆ ಏನು ಕೊಡುವುದು? ಅಡುಗೆ ಏನು ಮಾಡಲಿ ಎಂದರೆ ‘ಏನಾದ್ರೂ ಸರಿ’. ಕಿಟಕಿ ಮುಚ್ಚಲೇ, ತೆರೆದಿರಲೇ ಎಂದರೂ ‘ಏನಾದ್ರೂ ಸರಿ’. ಒಂದು ಸಂಜೆ ಅವಳು ಕೆಲಸದಿಂದ ಬಂದಾಗ ಅವನು ಬೆಳಿಗ್ಗೆ ಅವಳು ಬಿಟ್ಟು ಹೋದ ಕುರ್ಚಿಯಲ್ಲೇ, ಅದೇ ಕಡೆಗೆ ಮುಖ ಮಾಡಿ ಕೂತಿದ್ದ. ಒಂದು ಕಾಲುಚೀಲ ಕಾಲಲ್ಲಿತ್ತು, ಇನ್ನೊಂದು ಕೈಯಲ್ಲಿತ್ತು.

ಮುಂದಿನ ಕೋಣೆಯಲ್ಲಿ ಅವಳ ಅಪ್ಪ ಇದ್ದರು. ಮೊಣಕಾಲಿನ ಆಪರೇಷನ್ ಆದಮೇಲೆ ಮಗಳ ಮನೆಯಲ್ಲೇ ಠಿಕಾಣಿ ಹೂಡಿದ್ದ ಅವರು ಗಡಿಯಾರ ರಿಪೇರಿ ಮಾಡಿ ಬದುಕಿದವರು, ಗಾಳ ಹಾಕಿ ಸಂತೋಷಪಟ್ಟವರು. ಊರ ಹಿಂದಿನ ಕೆರೆಯಲ್ಲಿ ಬಾಸ್ ಮೀನು, ತಿಂಗಳಿಗೊಮ್ಮೆ ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಉಪ್ಪುನೀರಿನ ಮೀನು. ಆಪರೇಷನ್ನಿಗೆಂದು ಸಾಮಾನು ಸಮೇತ ಮಗಳ ಮನೆಗೆ ಹೊರಟ ಗಡಿಬಿಡಿಯಲ್ಲಿ ಅವರ ಗಾಳದ ಕೋಲುಗಳೆರಡೂ ಬಾಡಿಗೆ ಕಾರಿನ ಬಾಗಿಲಿಗೆ ಸಿಕ್ಕಿ ಮುರಿದುಹೋಗಿದ್ದವು. ಇನ್ನು ಎರಡೆರಡು ಕೋಲು ಹೊತ್ತು ತಿರುಗುವ ಕಾಲು ತಮ್ಮದಲ್ಲ, ಕೆರೆಗೂ ಅಳಿವೆಗೂ ಆಗುವಂಥ ಒಂದೇ ಕೋಲು ಬೇಕು ಎಂದು ಅವರು ಹೇಳುತ್ತಲೇ ಇದ್ದರು. ಕಾಲುಚೀಲದ ಸಂಜೆಯ ಮರುದಿನ ಅವಳು ಗಂಡನ ಕೈಗೆ ಅಂಗಡಿಯ ವಿಳಾಸ ಬರೆದ ಚೀಟಿ ಕೊಟ್ಟು, ಅಪ್ಪನಿಗೆ ಒಂದು ಕೋಲು ತನ್ನಿ ಎಂದಳು. ಅವನಿಗೆ ಗಾಳದ ವಿಷಯ ಗಂಧಗಾಳಿ ಗೊತ್ತಿರಲಿಲ್ಲ. ಆಗಲ್ಲ ಎನ್ನುವುದಕ್ಕೂ ಒಂದು ಮನಸ್ಸು ಬೇಕಲ್ಲ, ಅದಿರಲಿಲ್ಲ. ಚೀಟಿ ಹಿಡಿದು ಹೊರಟ.

ಅಂಗಡಿ ಹಳೇ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ, ಒಂದು ಕ್ಷೌರದಂಗಡಿಗೂ ಒಂದು ಟೈರಿನಂಗಡಿಗೂ ನಡುವೆ ಇಕ್ಕಟ್ಟಿನಲ್ಲಿತ್ತು. ಗೋಡೆಯುದ್ದಕ್ಕೂ ಕೋಲುಗಳು ನಿಂತಿದ್ದವು. ಗಾಜಿನ ಪೆಟ್ಟಿಗೆಯಲ್ಲಿ ಬಣ್ಣಬಣ್ಣದ ಪ್ಲಾಸ್ಟಿಕ್ ಹುಸಿಮೀನುಗಳು ಕಣ್ಣು ಬಿಟ್ಟುಕೊಂಡು ಮಲಗಿದ್ದವು. ಮೇಜಿನ ಹಿಂದೆ ಅರವತ್ತು ದಾಟಿದ ಹೆಂಗಸು ಕನ್ನಡಕವನ್ನು ಹಣೆಗೇರಿಸಿಕೊಂಡು ಗಾಳದ ದಾರ ಸುತ್ತುವ ಒಂದು ರೀಲನ್ನು ಬಿಚ್ಚಿ ಹರಡಿಕೊಂಡಿದ್ದಳು. ರೀಲು ರಿಪೇರಿಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಹಾಗಾಗಿ ಊರಿಗೆಲ್ಲ ಅವಳು ರೀಲಮ್ಮ. ನನ್ನ ಅಂಗಡಿಗೆ ರೀಲು ಬಿಡೋರು ಬರೋದೇ ಹೆಚ್ಚು, ಕೊಳ್ಳೋರು ಕಡಿಮೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಅವನಿಗೂ ಹೇಳಿದಳು. ಅವನು ನಗಲಿಲ್ಲ.

ಏನು ಬೇಕು ಎಂದು ಕೇಳಿದಾಗ ಕೆರೆಗೂ ಅಳಿವೆಗೂ ಆಗುವ ಒಂದು ಕೋಲು ಎಂದ. ಎಷ್ಟು ಉದ್ದದ್ದು, ಎಷ್ಟು ತೂಕದ ಹುಸಿಮೀನು ಎಸೆಯುತ್ತಾರೆ, ದಡದಿಂದಲೋ ದೋಣಿಯಿಂದಲೋ, ಯಾವ ಕೈಯಲ್ಲಿ ಹಿಡಿಕೆ ತಿರುಗಿಸುತ್ತಾರೆ ಎಂದು ಅವಳು ಒಂದೊಂದಾಗಿ ಕೇಳಿದಳು. ಅವನು ನಾಲ್ಕಕ್ಕೂ ಒಂದೇ ಉತ್ತರ ಕೊಟ್ಟ.

ಅವಳು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟಳು. “ಏನಾದ್ರೂ ಅನ್ನೋ ಸೈಜು ನನ್ನ ಹತ್ರ ಇಲ್ಲ ಸ್ವಾಮಿ. ಹೋಗಿ ಕೇಳ್ಕೊಂಡು ಬನ್ನಿ. ಇಲ್ಲಾ ಅಂದ್ರೆ ಆ ಮನುಷ್ಯನ ಕೈ ನೋಡ್ಕೊಂಡಾದ್ರೂ ಬನ್ನಿ.”

ಬರಿಗೈಯಲ್ಲಿ ಬಂದ ಅಳಿಯನನ್ನು ಕಂಡು ಮಾವನಿಗೆ ತಮಾಷೆಯಾಯಿತು. ರೀಲಮ್ಮ ನನ್ನನ್ನೂ ಹೀಗೇ ಎರಡು ಸಲ ಓಡಿಸಿದ್ದಳು ಎಂದರು. ಉದ್ದ, ತೂಕ, ದಡ ಎಲ್ಲ ಹೇಳಿದರು. ಅವನು ಚೀಟಿಯ ಹಿಂಭಾಗದಲ್ಲಿ ಬರೆದುಕೊಂಡ. ಕೈ ನೋಡಿಕೊಂಡು ಬಾ ಎಂದದ್ದು ನೆನಪಾಗಿ, ಸಂಜೆ ಮಾವ ಕಾಫಿ ಕುಡಿಯುವಾಗ ನೋಡಿದ. ಅವರು ಕಪ್ಪಿನ ಕಿವಿಯನ್ನು ಹಿಡಿಯುತ್ತಿರಲಿಲ್ಲ. ಇಡೀ ಕಪ್ಪನ್ನು ಬಲ ಅಂಗೈಯಲ್ಲಿ ಅವುಚಿಕೊಂಡು ಎತ್ತುತ್ತಿದ್ದರು. ಎಡಗೈಯ ಹೆಬ್ಬೆರಳು ತೋರುಬೆರಳಂತೂ ಒಂದಕ್ಕೊಂದು ತಾಗುವ ಮುನ್ನ ಸಣ್ಣಗೆ ನಡುಗುತ್ತಿದ್ದವು. ಗಡಿಯಾರದ ಮುಳ್ಳು ಕೂರಿಸುತ್ತಿದ್ದ ಬೆರಳುಗಳು. ಎಷ್ಟು ದಿನದಿಂದ ಹೀಗಾಗಿದೆಯೆಂದು ಹೆಂಡತಿಯನ್ನು ಕೇಳಿದ. ಎರಡು ವರ್ಷದಿಂದ ಎಂದಳು. ಒಂದೇ ಮೇಜಿನಲ್ಲಿ ಕೂತು ಉಂಡರೂ ಅವನು ಅದನ್ನು ಕಂಡಿರಲಿಲ್ಲ. ಕಂಡಿಲ್ಲವಲ್ಲ ಎಂದು ಬೇಸರವೂ ಆಗಲಿಲ್ಲ. ಚೀಟಿಯಲ್ಲಿ ಅದನ್ನೂ ಬರೆದುಕೊಂಡ.

ಮರುದಿನ ಚೀಟಿ ಓದಿ ರೀಲಮ್ಮ ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡಳು. ಈಗ ಮಾತಾಡಬಹುದು ಎಂದಳು.

ಬರೀ ಕೆರೆಗಾದರೆ ಆರೂವರೆ ಅಡಿಯ ಹಗುರ ಕೋಲು, ಚಿಕ್ಕ ರೀಲು ಸಾಕಿತ್ತು. ಬರೀ ಅಳಿವೆಗಾದರೆ ಇನ್ನೂ ಉದ್ದದ್ದು, ಬಿಗಿಯಾದದ್ದು, ದೊಡ್ಡ ರೀಲು. ಎರಡಕ್ಕೂ ಒಂದೇ ಎಂದಾಗ ಎರಡೂ ಕಡೆ ಸ್ವಲ್ಪ ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ. ಅವಳು ಏಳಡಿಯ ಮಧ್ಯಮ ಕೋಲೊಂದನ್ನು ತೆಗೆದು ಅವನ ಕೈಗೆ ಕೊಟ್ಟು, ತುದಿಯನ್ನು ತಾನೇ ಹಿಡಿದು ಎಳೆದಳು. ತುದಿ ಮಾತ್ರ ಬಾಗಿತು, ನಡು ಗಟ್ಟಿಯಾಗಿ ನಿಂತಿತು. ಮೀನು ಮುಟ್ಟಿದ್ದು ಗೊತ್ತಾಗುವುದು ತುದಿಯಿಂದ, ಅದನ್ನು ತಿರುಗಿಸಿ ತರುವುದು ನಡುವಿನಿಂದ ಎಂದು ವಿವರಿಸಿದಳು. ಆಮೇಲೆ ರೀಲುಗಳು. ಒಂದನ್ನು ಕೋಲಿಗೆ ಸಿಕ್ಕಿಸಿ, ಹಿಡಿಯ ಮುಂದೆ ಒಂದೇ ಬೆರಳಿನ ಮೇಲೆ ಇಟ್ಟಳು. ಮೂತಿ ಕೆಳಗಾಯಿತು. ಬೇರೆಯದು ಸಿಕ್ಕಿಸಿದಳು. ಬಾಲ ಕೆಳಗಾಯಿತು. ಮೂರನೆಯದು ತಕ್ಕಡಿಯಂತೆ ಸಮನಾಗಿ ನಿಂತಿತು. ಉಪ್ಪುನೀರು ಒಳಗೆ ಹೋಗದಂತೆ ಅದರ ಸಂದುಗಳಿಗೆಲ್ಲ ರಬ್ಬರ್ ಕೂರಿಸಿತ್ತು. ಆದರೂ ಅಳಿವೆಯಿಂದ ಬಂದ ದಿನವೇ ಸಿಹಿನೀರಿನಲ್ಲಿ ತೊಳೆಯದಿದ್ದರೆ ಕಂಪನಿಯವರ ಮಾತು ಕಂಪನಿಯವರಿಗೇ ಎಂದಳು.

ರೀಲಿನ ಜೊತೆ ಕಾರ್ಖಾನೆಯಿಂದ ಬಂದ ಹಿಡಿಕೆಗೆ ಚಪ್ಪಟೆ ಗುಬಟಿತ್ತು. ಅದನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿಯಬೇಕು. ಅವಳು ಕೇಳುವ ಮೊದಲೇ ಅವನು ಹೇಳಿದ, ಇದು ಅವರ ಎಡಗೈಗೆ ಆಗುವುದಿಲ್ಲ ಎಂದು. ರೀಲಮ್ಮ ತಲೆಯೆತ್ತಿ ನೋಡಿದಳು. ಡಬ್ಬಿಯಲ್ಲಿ ಹುಡುಕಿ ನಿಂಬೆಹಣ್ಣಿನಷ್ಟು ದೊಡ್ಡ ಗುಂಡನೆಯ ಗುಬಟು ತೆಗೆದಳು. ಅದು ಅಂಗೈಯಲ್ಲಿ ಅವುಚುವಂಥದ್ದು.

ದಾರ ಸುತ್ತುವಾಗ ಅವಳು ಅವನ ಕೈಗೆ ಉಂಡೆ ಕೊಟ್ಟು ಬಿಗಿಯಾಗಿ ಹಿಡಿಯಲು ಹೇಳಿದಳು. ಮೊದಲು ಒಂದಿಷ್ಟು ನೈಲಾನ್, ಇಲ್ಲದಿದ್ದರೆ ಹೆಣೆದ ದಾರ ನುಣುಪಿನ ಮೇಲೆ ಜಾರುತ್ತದೆ. ಅದರ ಮೇಲೆ ತೆಳ್ಳನೆಯ ಹೆಣೆದ ದಾರ. ತುದಿಗೆ ಮೀನಿನ ಕಣ್ಣಿಗೆ ಕಾಣದ ಒಂದು ಮಾರುದ್ದ ಗಾಜಿನಂಥ ದಾರ. ಎರಡನ್ನೂ ಸೇರಿಸುವ ಗಂಟನ್ನು ಅವಳು ಎರಡು ಸಲ ತೋರಿಸಿದಳು. ಬಿಗಿಯುವ ಮುಂಚೆ ಎಂಜಲು ಹಚ್ಚಿ ಒದ್ದೆ ಮಾಡಿಕೊಳ್ಳಿ ಎಂದಳು. ಅವನು ತಲೆಯಾಡಿಸಿದ. ಕೇಳಿಸಿಕೊಂಡಿರಲಿಲ್ಲ. ರೀಲಿನ ಮುಂದಿದ್ದ ಇನ್ನೊಂದು ಗುಬಟನ್ನು ನೋಡುತ್ತಿದ್ದ.

ಅದೇನೆಂದು ಕೇಳಿದ. ಅಂಗಡಿಗೆ ಬಂದಮೇಲೆ ಅವನಾಗಿ ಕೇಳಿದ ಮೊದಲ ಪ್ರಶ್ನೆ.

“ಡ್ರ್ಯಾಗು. ರೀಲಿಗೆ ಬ್ರೇಕ್ ಇದ್ದ ಹಾಗೆ. ಪೂರ್ತಿ ಬಿಗಿದ್ರೆ ದಾರ ಹರಿಯುತ್ತೆ. ದಾರ ತಡಕೊಳ್ಳೋದರಲ್ಲಿ ಕಾಲು ಭಾಗಕ್ಕೆ ನಿಲ್ಲಿಸಬೇಕು. ಮೀನು ಓಡಿದ್ರೆ ಓಡಲಿ. ಇದು ನಿಲ್ಲಿಸೋಕಲ್ಲ, ಸುಸ್ತು ಮಾಡೋಕೆ.”

ಅವನು ಗುಬಟನ್ನು ಮುಟ್ಟಲಿಲ್ಲ. “ನಾನು ರೈಲು ಓಡಿಸೋನು” ಎಂದ. “ಬ್ರೇಕ್ ಹಾಕಿದ ಮೇಲೂ ಮುಕ್ಕಾಲು ಕಿಲೋಮೀಟರ್ ಹೋಗುತ್ತೆ.”

“ಅಷ್ಟು ದೂರಾನಾ?”

“ಅಷ್ಟು ದೂರ. ಕೈಯಲ್ಲಿ ಮಾಡೋಕೆ ಬೇರೇನೂ ಇರಲ್ಲ.”

ಊರಿನ ಸುದ್ದಿ ರೀಲಮ್ಮನ ಕಿವಿಗೆ ಬಿದ್ದಿತ್ತೋ ಇಲ್ಲವೋ. ದಾರವನ್ನು ಎಳೆದು ನೋಡುತ್ತಾ, ಗುಬಟನ್ನು ಅಷ್ಟಷ್ಟೇ ತಿರುಗಿಸುತ್ತಾ, ಸರಿಯಾದ ಬಿಗಿಗೆ ತಂದು ನಿಲ್ಲಿಸಿ, ಕೋಲನ್ನು ಬಟ್ಟೆಯ ಚೀಲಕ್ಕೆ ಹಾಕಿ ಕೊಟ್ಟಳು.

ಆ ವಾರ ಕೆರೆಗೆ ಹೋದರು. ಮಾವನಿಗೆ ಮಡಚುವ ಕುರ್ಚಿ, ಅಳಿಯನಿಗೆ ಕಲ್ಲು. ಎರಡು ಬಾಸ್ ಸಿಕ್ಕವು, ಅಂಗೈಯುದ್ದದವು. ಮಾವ ಬಿಟ್ಟುಬಿಟ್ಟರು. ಅವನಿಗೆ ಸಂತೋಷವೂ ಆಗಲಿಲ್ಲ, ಬೇಸರವೂ ಆಗಲಿಲ್ಲ. ನೀರು ನೀರಿನ ಹಾಗಿತ್ತು. ಮಾವ ಮಾತ್ರ ಹೊಸ ಗುಬಟನ್ನು ಅವುಚಿ ಸುತ್ತುತ್ತಾ, ನಿಮಗೆ ಇದು ಹೇಗೆ ಹೊಳೀತು ಅಳಿಯಂದ್ರೇ ಎಂದು ಎರಡು ಮೂರು ಸಲ ಕೇಳಿದರು. ಕಾಫಿ ಕುಡಿಯೋದು ನೋಡಿದೆ ಎಂದ.

ಮುಂದಿನ ಶನಿವಾರ ಅಳಿವೆ. ಮಾವನ ಮೊಣಕಾಲಿಗೆ ಬಸ್ಸಿನ ಮೆಟ್ಟಿಲು ಆಗುವುದಿಲ್ಲ. ರೈಲಿನಲ್ಲೇ ಹೋಗಬೇಕಾಯಿತು. ಬೇರೆ ಮಾರ್ಗ, ಬೇರೆ ಗಾಡಿ. ಆದರೂ ಪ್ಲಾಟ್‌ಫಾರಮ್ಮಿನಲ್ಲಿ ಮಾವ ಅವನ ಮುಖವನ್ನು ಕದ್ದು ಕದ್ದು ನೋಡಿದರು. ಅವನು ಹತ್ತಿದ. ಹಿಮ್ಮುಖವಾಗಿ ಕೂತ. ಗಾಡಿ ಎಲ್ಲಿ ನಿಧಾನವಾಗುತ್ತದೆ, ಎಲ್ಲಿ ವೇಗ ಹಿಡಿಯುತ್ತದೆ ಎಂದು ಅವನ ಬಲಗೈ ತೊಡೆಯ ಮೇಲೆ ಮೊದಲೇ ಹೇಳುತ್ತಿತ್ತು. ಒಂದೂವರೆ ಗಂಟೆ ಹಾಗೇ ಕಳೆಯಿತು.

ಅಳಿವೆಯಲ್ಲಿ ನೀರು ಇಳಿಯುತ್ತಿತ್ತು. ಗಾಜಿನಂಥ ದಾರವನ್ನು ಹೊಸದಾಗಿ ಸೇರಿಸಬೇಕಿತ್ತು. ಮಾವನ ಬೆರಳಿಗೆ ಆ ಗಂಟು ಆಗದು, ಅವನೇ ಕಟ್ಟಿದ. ಹತ್ತು ಗಂಟೆಯ ಸುಮಾರಿಗೆ ಕೋಲು ಒಮ್ಮೆಲೇ ಬಾಗಿತು. ರೀಲು ಕರ್ರೆಂದಿತು. ಮಾವನ ಕಾಲು ಮರಳಿನಲ್ಲಿ ಜಾರಿತು. “ಹಿಡೀರಿ, ಹಿಡೀರಿ” ಎಂದು ಕೋಲನ್ನು ಅವನ ಕೈಗೆ ದಾಟಿಸಿ ಕುರ್ಚಿಯಲ್ಲಿ ಕುಸಿದರು.

ದಾರ ಓಡುತ್ತಲೇ ಇತ್ತು. ಗುಬಟಿನ ಕಡೆ ಅವನ ಕೈ ಹೋಯಿತು. ಬಿಗಿಯಬೇಡಿ ಎಂದು ಮಾವ ಹಿಂದಿನಿಂದ ಹೇಳಿದರು. ಅವನು ಕೈ ತೆಗೆದ. ಮೀನು ಸಮುದ್ರದ ಕಡೆ ಹೋಯಿತು, ನಿಂತಿತು, ತಿರುಗಿತು. ಅವನು ಅಷ್ಟು ಸುತ್ತಿದ. ಅದು ಮತ್ತೆ ಹೋಯಿತು. ಹೀಗೆ ಕಾಲುಗಂಟೆ. ತೋಳು ಸೋತು ಬಂತು. ಕೊನೆಗೆ ಮೊಣಕಾಲುದ್ದದ ನೀರಿನಲ್ಲಿ ಬೆಳ್ಳಗಿನ ಪಕ್ಕೆಯೊಂದು ಹೊರಳಿತು. ಮಾವ ಬಲೆ ಹಿಡಿದು ಕುಂಟುತ್ತಾ ಬಂದರು. ಇನ್ನೊಂದು ಮಾರು. ಅಷ್ಟರಲ್ಲಿ ಕೋಲು ನೆಟ್ಟಗಾಯಿತು. ಮೀನಿಲ್ಲ. ದಾರದ ತುದಿ ಸುರುಳಿಯಾಗಿ ಗಾಳಿಯಲ್ಲಿ ಆಡುತ್ತಿತ್ತು.

ಮಾವ ಆ ಸುರುಳಿಯನ್ನು ಬೆರಳಲ್ಲಿ ಹಿಡಿದು ನೋಡಿ ನಕ್ಕರು. “ಗಂಟು ಬಿಚ್ಚಿದೆ. ಒದ್ದೆ ಮಾಡದೆ ಬಿಗಿದಿದ್ದೀರಿ.”

“ಹೇಳಬಹುದಿತ್ತಲ್ಲ ನೀವು” ಎಂದ ಅವನು. “ಪಕ್ಕದಲ್ಲೇ ಕೂತು ನೋಡ್ತಾ ಇದ್ರಿ. ಒಂದು ಮಾತು ಹೇಳೋಕೆ ಏನಾಗಿತ್ತು?”

ಸ್ವರ ಏರಿತ್ತು. ಮಾವನ ನಗು ನಿಂತಿತು. ಮದುವೆಯಾದ ಹತ್ತೊಂಬತ್ತು ವರ್ಷದಲ್ಲಿ ಅಳಿಯ ಅವರ ಮೇಲೆ ರೇಗಿದ್ದಿಲ್ಲ. ಅವನು ಹುಸಿಮೀನಿನ ಡಬ್ಬಿಯನ್ನು ಒದ್ದ. ಅದು ಬಾಯ್ತೆರೆದು ಮರಳಿನಲ್ಲಿ ಚೆಲ್ಲಿತು. ಆಮೇಲೆ ಮಂಡಿಯೂರಿ ಒಂದೊಂದನ್ನೇ ಹೆಕ್ಕತೊಡಗಿದ. ಇಷ್ಟು ವಾರಗಳ ನಂತರ ಏನೋ ಒಂದು ತಾಗಿದ್ದು. ತಾಗಿದ್ದು ದುಃಖವಲ್ಲ, ಬಿಚ್ಚಿಹೋದ ಗಂಟಿನ ಮೇಲಿನ ಸಿಟ್ಟು. ಮಾವ ಬಲೆಯನ್ನು ಕೆಳಗಿಟ್ಟು, ಡಬ್ಬಿಯನ್ನು ಅವನ ಹತ್ತಿರಕ್ಕೆ ಸರಿಸಿದರು.

ಮನೆಗೆ ಬಂದವನೇ ಬಚ್ಚಲಿಗೆ ಹೋಗಿ, ಒಳಗೆ ನೀರು ಹೋಗದಂತೆ ಡ್ರ್ಯಾಗನ್ನು ಬಿಗಿ ಮಾಡಿ, ರೀಲನ್ನು ನಲ್ಲಿಯ ಸಣ್ಣ ನೀರಿಗೆ ಹಿಡಿದ. ಹೆಂಡತಿ ಟವೆಲ್ ತಂದು ಬಾಗಿಲಲ್ಲಿ ನಿಂತಳು. ಅಪ್ಪನ ಮೇಲೆ ಕೂಗಾಡಿದರಂತೆ ಎಂದು ಕೇಳಿದಳು. ಹೌದು ಎಂದ.

“ಅವನ ಕೈಯಲ್ಲಿ ಒಂದು ಬ್ಯಾಗಿತ್ತು” ಎಂದ ತಿರುಗದೆ. “ಆಫೀಸಿಗೆ ಹೋಗೋರು ತಗೊಂಡು ಹೋಗ್ತಾರಲ್ಲ, ಅಂಥದ್ದು. ಹಾರ್ನ್ ಹೊಡೆದೆ. ಆಗ ಅದನ್ನ ಹಳಿಯಿಂದ ಆಚೆಗೆ ಇಟ್ಟ. ಎಸೀಲಿಲ್ಲ. ಬಗ್ಗಿ, ನೆಟ್ಟಗೆ ನಿಲ್ಲಿಸಿ ಇಟ್ಟ. ಮತ್ತೆ ಬಂದು ನಿಂತ.”

“ನಿಮ್ಮನ್ನ ನೋಡಿದ್ನಾ?”

“ಇಲ್ಲ. ಬ್ಯಾಗು ಬೀಳುತ್ತೇನೋ ಅಂತ ಅದನ್ನೇ ನೋಡ್ತಿದ್ದ.”

ವಿಚಾರಣೆಯಲ್ಲಿ ಬ್ಯಾಗಿನ ಬಗ್ಗೆ ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಅವಳು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ಅವನ ಕೈಯಿಂದ ರೀಲನ್ನು ತೆಗೆದುಕೊಂಡು ಟವೆಲಿನಲ್ಲಿ ಒರೆಸತೊಡಗಿದಳು. ಅವನು ನಲ್ಲಿ ನಿಲ್ಲಿಸಿ ಗೋಡೆಗೊರಗಿದ. ಕಣ್ಣಿಂದ ನೀರು ಬಂತು, ಸ್ವಲ್ಪವೇ, ಹೊಗೆ ತಾಗಿದವರಿಗೆ ಬರುವಷ್ಟು. ಅದು ನಿಂತ ಮೇಲೆ ಹಸಿವಾಗುತ್ತಿದೆ ಎಂದ.

ರಜೆ ಮುಗಿದ ದಿನ ಅವನು ಆಫೀಸಿಗೆ ಹೋಗಿ, ಇನ್ನು ಮೇನ್ ಲೈನಿನಲ್ಲಿ ಗಾಡಿ ಓಡಿಸುವುದಿಲ್ಲ ಎಂದು ಬರೆದುಕೊಟ್ಟ. ಮೇಲಿನವರು ಇನ್ನೊಮ್ಮೆ ಯೋಚಿಸಿ ಎಂದರು. ಯೋಚಿಸಿದ್ದೇನೆ ಎಂದ. ಯಾರ್ಡಿನಲ್ಲಿ ಬೋಗಿಗಳನ್ನು ಜೋಡಿಸುವ ಸಣ್ಣ ಎಂಜಿನ್ನಿಗೆ ಹಾಕಿದರು. ಅದು ಮನುಷ್ಯ ನಡೆಯುವ ವೇಗದಲ್ಲಿ ಹೋಗುತ್ತದೆ, ಬ್ರೇಕ್ ಹಾಕಿದ ಕಡೆ ನಿಲ್ಲುತ್ತದೆ. ಬೆಳಗಿನ ಪಾಳಿಯೋ ಮಧ್ಯಾಹ್ನದ್ದೋ ಎಂದು ಗುಮಾಸ್ತ ಕೇಳಿದಾಗ ಅವನು ಸುಮಾರು ಹೊತ್ತು ನಿಂತುಬಿಟ್ಟ. ಗುಮಾಸ್ತ ಪೆನ್ನಿನಿಂದ ಮೇಜು ಕುಟ್ಟಿದ.

“ಬೆಳಗಿಂದು” ಎಂದ ಅವನು. “ಶನಿವಾರ ರಜೆ ಬೇಕು.”