ಅಣಬೆಯ ಹಲಗೆ

"ಕೊಡ್ಲಿ ಕೆಳಗ ಇಡ್ರಿ ಕಾಕಾ!" ಎನ್ನುತ್ತ ಸಾರಿಕಾ ಓಡಿಬಂದಳು.

ನೆರೆಮನೆಯ ಕುರಿಗಾರ ಜಕ್ಕಪ್ಪ ತನ್ನ ಅಂಗಳದ ಬೇವಿನ ಬುಡದಲ್ಲಿ ನಿಂತಿದ್ದ. ಸಾರಿಕಾಳ ನಾದಿನಿ ಮಯೂರಿ ಬಾಣಂತನಕ್ಕೆಂದು ತವರಿಗೆ, ಉಗಾರ ಬುದ್ರುಕಕ್ಕೆ ಬಂದಿದ್ದಳು. ಏಪ್ರಿಲ್ ಬಿಸಿಲಿಗೆ ಅವರ ತಗಡಿನ ಮನೆ ಕಾದ ಹಂಚಾಗಿತ್ತು. ಕೂಸಿನ ಮೈತುಂಬ ಬೆವರುಸಾಲೆ, ಹಗಲೆಲ್ಲ ಅಳು. ತಗಡಿನ ಕೆಳಗೆ ಹಲಗೆ ಹೊಡೆಸಿದರೆ ತಂಪಾದೀತೆಂದು ಬಡಿಗ ಹೇಳಿದ್ದ. ಕಟ್ಟಿಗೆ ಕೊಳ್ಳುವುದು ಅವರಿಂದಾಗದ ಮಾತೆಂದು ಜಕ್ಕಪ್ಪನಿಗೆ ಗೊತ್ತಿತ್ತು. ಯಾರೂ ಕೇಳದೆಯೇ ತನ್ನ ಬೇವನ್ನು ಕಡಿದುಕೊಡಲು ಕೊಡಲಿ ಹಿಡಿದಿದ್ದ.

"ನಿಮ್ಮ ಕುರಿಗೆ ಇದೊಂದ ನೆರಳ ಐತಿ. ಇನ್ನಷ್ಟ ದಿನಾ ತಡೀರಿ," ಎಂದಳು ಸಾರಿಕಾ.

ಅವಳು ಕೂಲಿಗೆ ಹೋಗುವುದು ಶ್ರೀಪಾಲನ ಅಣಬೆ ಬೆಳೆಯುವ ಶೆಡ್ಡಿಗೆ. ಅಲ್ಲಿ ಕಬ್ಬಿನ ಸಿಪ್ಪೆಯಲ್ಲಿ ಅಣಬೆಯ ಬಿಳಿ ಎಳೆ ಹಬ್ಬಿ, ಒಣಗಿದ ಮೇಲೆ ಗಟ್ಟಿಯಾಗುವುದನ್ನು ನೋಡಿದ್ದಳು. ಪರದೇಶದಲ್ಲಿ ಅದರಿಂದಲೇ ಹಲಗೆ ಮಾಡುವ ವಿಡಿಯೋವನ್ನು ಶ್ರೀಪಾಲ ಮೊಬೈಲಿನಲ್ಲಿ ತೋರಿಸಿದ್ದ. "ಅಣಬಿ ಬೀಜಾ, ಸಿಪ್ಪಿ ಎಲ್ಲಾ ಇಲ್ಲಿಂದ ತಗೋ. ಮಾಡಿ ನೋಡು," ಎಂದಿದ್ದ.

ಮೊದಲು ಮಾಡಿದ ಹಲಗೆಗಳು ಬಾಗಿ ಮುರಿದವು. ಎರಡನೆಯ ಸಲ ಸಿಪ್ಪೆಯನ್ನು ಟ್ರೇಗಳಲ್ಲಿ ಒತ್ತಿ ತುಂಬಿ, ಎಳೆ ಹಬ್ಬಿದ ಮೇಲೆ ಭಾರ ಹೇರಿ ಒಣಗಿಸಿದಳು. ಅಷ್ಟು ದಿನವೂ ಅತ್ತೆ ಸುಂದರಾ ಹಸಿ ಸೀರೆ ಇಳಿಬಿಟ್ಟು ಕೂಸನ್ನು ಕಾದಳು. ಬೆಳ್ಳನೆಯ ಹಲಗೆಗಳು ಬಂದಾಗ ಬಾಗಿಲಲ್ಲೇ ತಡೆದಳು.

"ಬೂಷ್ಟ ಹಿಡದಿದ್ದನ್ನ ಕೂಸಿನ ತಲಿಮ್ಯಾಲ ಹೊಡೀತಿ ಏನ ಬೇ?"

"ಒಣಗಿದ ಮ್ಯಾಲ ಸತ್ತೈತ್ರಿ ಅತ್ತಿ, ಮತ್ತ ಬೆಳ್ಯಾಂಗಿಲ್ಲ. ಮೂಸಿ ನೋಡ್ರಿ."

ಸುಂದರಾ ಮೂಸಿದಳು. ಒಂದನ್ನು ತಲೆಯ ಮೇಲೆ ಹಿಡಿದು ಉರಿಬಿಸಿಲಲ್ಲಿ ಬಹಳ ಹೊತ್ತು ನಿಂತಳು.

"ಬಿಸಲ ತಟ್ಟವಲ್ದು," ಎಂದು ತಾನೇ ಹಲಗೆಯನ್ನು ಒಳಗೊಯ್ದಳು.

ತಗಡಿನ ಕೆಳಗೆ ಹಲಗೆ ಹೊಡೆದ ಮರುದಿನ ಮಧ್ಯಾಹ್ನ ಕೂಸು ಮಲಗಿತು. ಪಕ್ಕದಲ್ಲಿ ಮಯೂರಿಗೂ ಜೊಂಪು ಹತ್ತಿತ್ತು. ನೋಡಲು ಬಂದ ಜಕ್ಕಪ್ಪನಿಗೆ ಸುಂದರಾ ಕೈಮುಗಿದಳು.

"ನಿಮ್ಮ ಉಪಕಾರ ಮರಿಯಾಂಗಿಲ್ರಿ ಅಣ್ಣಾ," ಎಂದು ಪಿಸುಗುಟ್ಟಿದಳು.

"ನಾ ಏನ ಮಾಡೇನವಾ? ಗಿಡಾ ಕಡೀಲೇ ಇಲ್ಲ."

"ಕಡ್ಯಾಕ ನಿಂತಿದ್ರಲ್ಲಾ."

ಜಕ್ಕಪ್ಪ ಒಳಗೆ ಇಣುಕಿ ಮೇಲಕ್ಕೊಮ್ಮೆ, ಕೂಸಿನ ಕಡೆಗೊಮ್ಮೆ ನೋಡಿದ. ಹೋಗುವಾಗ ಕಿರುಗುಟ್ಟುವ ಕೆರಗಳನ್ನು ಮೆಟ್ಟಲಿಲ್ಲ. ಕೈಯಲ್ಲಿ ಹಿಡಿದುಕೊಂಡು, ಕಾದ ಮಣ್ಣಿನ ಮೇಲೆ ಬರಿಗಾಲಲ್ಲೇ ತನ್ನ ಅಂಗಳದವರೆಗೆ ನಡೆದ.