ಬಲಕ್ಕೆ ತಿರುಗಿದ ಸ್ಕ್ರೂ

ಸ್ಕ್ರೂಡ್ರೈವರ್ ಮತ್ತೊಮ್ಮೆ ಜಾರಿ ಹುಲೆಪ್ಪನ ಹೆಬ್ಬೆರಳಿನ ಚರ್ಮ ಸುಲಿಯಿತು. ಬೆರಳನ್ನು ಬಾಯಲ್ಲಿಟ್ಟುಕೊಂಡು ಅವನು ಈಜುಕೊಳದ ಗೋಡೆಯಲ್ಲಿದ್ದ ದೀಪವನ್ನು ದುರುಗುಟ್ಟಿ ನೋಡಿದ. ಅದರ ಸ್ಟೀಲಿನ ಬಳೆಯನ್ನು ಹಿಡಿದದ್ದು ನೆತ್ತಿಯ ಮೇಲಿನ ಒಂದೇ ಒಂದು ಸ್ಕ್ರೂ. ಅದರ ತಲೆ ಸವೆದು ಗುಳಿ ಬಿದ್ದಿತ್ತು, ಸುತ್ತ ತುಕ್ಕು. ಅದು ಬಿಚ್ಚಿದರೆ ಮಾತ್ರ ದೀಪ ಹೊರಬರುವುದು, ಸುಟ್ಟ ಬಲ್ಬು ಬದಲಾಗುವುದು.

ಅಫಜಲಪುರದಿಂದ ಹವಳಗಾ ಕಡೆ ಹೋಗುವ ದಾರಿಯಲ್ಲಿ ಅನೀಲಕುಮಾರನ ತೋಟ. ಬೇಸಿಗೆಯಲ್ಲಿ ಈಜಲು ಬರುವವರಿಗೆಂದು ಅವನು ಕಟ್ಟಿಸಿದ ಕೊಳ ಇದು. ದೀಪ ಕೆಟ್ಟಾಗಿನಿಂದ ಹೊತ್ತು ಮುಳುಗಿದರೆ ಗೇಟಿಗೆ ಬೀಗ. ಈ ಸಲ ಅವನು ಪಟ್ಟು ಹಿಡಿದು ಮೇನ್ ಸ್ವಿಚ್ ತೆಗೆಸಿ, ದೀಪದ ಕೆಳಗಿನ ತನಕ ನೀರು ಖಾಲಿ ಮಾಡಿಸಿ, ದಂಡೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದ. ಕರೆಂಟಿನ ಕೆಲಸಕ್ಕೆ ಯಾರು ಎಂದು ಅವನು ಕೇಳಿದ್ದಕ್ಕೆ, ನಾನೇ ಕರೆದುಕೊಂಡು ಬರುತ್ತೇನೆ ಎಂದು ಹುಲೆಪ್ಪ ಧೈರ್ಯವಾಗಿ ಹೇಳಿಬಿಟ್ಟಿದ್ದ.

ಹುಲೆಪ್ಪನದು ನಲ್ಲಿ, ಪೈಪಿನ ಕೆಲಸ. ಕರೆಂಟಿನದು ಜಹೀರುದ್ದೀನನದು. ಇಬ್ಬರೂ ನಿಂಬರ್ಗಾದವರು, ಒಂದೇ ಬೆಂಚಿನ ಮೇಲೆ ಕಲಿತವರು. ಕಲಿತರು ಎನ್ನುವುದು ದೊಡ್ಡ ಮಾತಾಯಿತು. ಹುಲೆಪ್ಪನನ್ನು ಕನ್ನಡ ಪೇಪರು ದಾಟಿಸಿದ್ದು ಜಹೀರುದ್ದೀನ ಓರೆಯಾಗಿ ಹಿಡಿದು ತೋರಿಸಿದ ಉತ್ತರಗಳು. ಆಮೇಲೆ ಆಳಂದ, ಅಫಜಲಪುರ, ಜೇವರ್ಗಿ ಎಂದು ಕೆಲಸ ಇದ್ದಲ್ಲಿಗೆಲ್ಲ ಒಂದೇ ಮೋಟರ್‌ಸೈಕಲ್ಲಿನಲ್ಲಿ ಓಡಾಡಿದರು. ಒಬ್ಬನನ್ನು ಕರೆದರೆ ಇಬ್ಬರಿಗೂ ಚಹಾ ಇಡಬೇಕೆಂದು ಜನಕ್ಕೆ ಗೊತ್ತಿತ್ತು.

ಅದೆಲ್ಲ ಮುಗಿದದ್ದು ಹೋದ ಬೇಸಿಗೆಯಲ್ಲಿ, ಇದೇ ಸ್ಕ್ರೂವಿನ ಮುಂದೆ. ಅಂದು ಕೊಳ ತುಂಬಿತ್ತು. ಜಹೀರುದ್ದೀನ ಉಸಿರು ಹಿಡಿದು ಮುಳುಗುತ್ತಿದ್ದ, ಏಳುತ್ತಿದ್ದ. ದಂಡೆಯಲ್ಲಿ ನಿಂತ ಹುಲೆಪ್ಪ ಬಲಾ ಹಾಕು, ಬಲಾ ಹಾಕು ಎಂದು ಕೂಗುತ್ತಿದ್ದ. ಜೋರು ಹಾಕು ಎಂದು ಅವನ ಅರ್ಥ. ಕಿವಿಗೆ ನೀರು ಹೊಕ್ಕವನು ಇದ್ದ ಜೋರನ್ನೆಲ್ಲ ಹಾಕಿ ಬಲಕ್ಕೆ ತಿರುಗಿಸಿದ. ಬಿಚ್ಚಬೇಕಾದ ಸ್ಕ್ರೂ ಇನ್ನಷ್ಟು ಬಿಗಿದು, ಅದರ ತಲೆಯ ಗೆರೆಗಳೇ ಕಿತ್ತುಹೋದವು. ಅನೀಲಕುಮಾರನ ಬೀಗರು ನೋಡುತ್ತಿದ್ದರು, ಈಜಲು ಬಂದವರು ನೋಡುತ್ತಿದ್ದರು. ಹುಲೆಪ್ಪ ಅವಮಾನದಿಂದ ಕೂಗಿಬಿಟ್ಟ.

"ಕನ್ನಡಾ ತಿಳ್ಯಂಗಿಲ್ಲಂದ್ರ ಇಲ್ಯಾಕ ಅದೀಲೇ ನೀ? ನಿಮ್ಮವರ ಕಡಿ ಹೋಗು."

ಜನ ನಕ್ಕರು. ಜಹೀರುದ್ದೀನ ನೀರಿನಿಂದ ಮೇಲೆ ಹತ್ತಿದ. ಒದ್ದೆ ಬಟ್ಟೆಯಲ್ಲೇ ಗೇಟು ದಾಟಿ ಹೋದ. ಈಗ ಜೇವರ್ಗಿಯಲ್ಲಿ ಅವನದೇ ಅಂಗಡಿ. ಮದುವೆ ಮನೆಯಲ್ಲಿ ಎದುರಾದರೆ ಹುಲೆಪ್ಪನೊಂದಿಗೆ ಉರ್ದುವಿನಲ್ಲೇ ಮಾತು, ಅದೂ ಬಹುವಚನದ 'ಆಪ್' ಎಂದು. 'ಲೇ ಹುಲ್ಯಾ' ಎಂದು ಕರೆಯುತ್ತಿದ್ದ ಬಾಯಿ ಅದು. ತಪ್ಪು ತಿರುಗಿಸಿದವನಿಗೇ ಇಷ್ಟು ಸೆಡವೇ ಎಂದು ಹುಲೆಪ್ಪನೂ ಬಿಗಿದುಕೊಂಡೇ ಇದ್ದ. ಆದರೆ ಮೋಟರ್‌ಸೈಕಲ್ಲಿನ ಹಿಂದಿನ ಸೀಟು ಖಾಲಿ ಕಂಡಾಗಲೆಲ್ಲ ಜಹೀರುದ್ದೀನನ ನೆನಪಾಗುತ್ತಿತ್ತು. ಈ ಸ್ಕ್ರೂ ಬಿಚ್ಚಿದರೆ ಅದೇ ನೆಪ ಮಾಡಿ ಅವನನ್ನು ಕರೆಯಬೇಕು ಎಂದು ಬೆಳಿಗ್ಗೆಯಿಂದ ಅದೇ ಗುಂಗು.

ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಸವೆದ ತಲೆಯ ಮೇಲೆ ಹೊಸ ಗೆರೆ ಕೊಯ್ದ. ಎಣ್ಣೆ ಬಿಟ್ಟು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ಅಗಲ ಬಾಯಿಯ ಸ್ಕ್ರೂಡ್ರೈವರ್ ಕೂರಿಸಿ ಎಡಕ್ಕೆ ತಿರುವಿದ. ಅದು ಜಪ್ಪಯ್ಯ ಎನ್ನಲಿಲ್ಲ. ಬೆವರು ಕಣ್ಣಿಗಿಳಿಯಿತು.

"ಬಲಾ ಹಾಕೋ ಹುಲೆಪ್ಪಾ," ಎಂದ ಅನೀಲಕುಮಾರ ಮೇಲಿನಿಂದ.

ಹುಲೆಪ್ಪನ ಕೈ ಬಲಕ್ಕೆ ತಿರುಗಿತು. ಒಳಗೆ ಕಟ್ ಎಂದಿತು. ಗಾಬರಿಯಾಗಿ ಎಡಕ್ಕೆ ತಿರುವಿದರೆ ಸ್ಕ್ರೂ ಸುಮ್ಮನೆ ಸುತ್ತಿಕೊಂಡು ಈಚೆ ಬಂತು. ಬಲಕ್ಕೆ ಹೋದ ಆ ಚೂರು ತಿರುವಿಗೇ ತುಕ್ಕು ಬಿಟ್ಟಿತ್ತು. ಅನೀಲಕುಮಾರ ಶಹಬ್ಬಾಸ್ ಎಂದದ್ದು ಹುಲೆಪ್ಪನಿಗೆ ಕೇಳಿಸಲಿಲ್ಲ. ಹುಟ್ಟಿದಾಗಿನಿಂದ ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತಾಡದವನು ಅವನು. ಕಿವಿಯಲ್ಲಿ ನೀರೂ ಇರಲಿಲ್ಲ. ಅವನು ನಾಚಿಕೆಯಿಂದ ತಲೆ ತಗ್ಗಿಸಿದ.

ದೀಪವನ್ನು ಗೋಡೆಯಿಂದ ಈಚೆ ಎಳೆದು ಬಿಟ್ಟು, ಮೇಲೆ ಹತ್ತಿ, ಕೈ ಒರೆಸಿಕೊಂಡು ಫೋನು ಹಚ್ಚಿದ.

"ಜೀ, ಬೋಲಿಯೇ," ಎಂದ ಜಹೀರುದ್ದೀನ, ಹೇಳಿ ಎನ್ನುವುದನ್ನೂ ಉರ್ದುವಿನಲ್ಲೇ.

"ಇಸ್ಕ್ರೂ ಬಂತಲೇ ಜಹೀರ್ಯಾ. ಬಲಾ ಅಂದ್ರ ನನ್ನ ಕೈನೂ ಬಲಕ್ಕೇ ಹೋತು. ನಿಂದೇನೂ ತಪ್ಪಿದ್ದಿಲ್ಲ. ನಾ ಅಂದಿದ್ದೇ ತಪ್ಪಾತು. ಬಾರಲೇ."

ಆ ಕಡೆ ಅಂಗಡಿಯಲ್ಲಿ ತಿರುಗುತ್ತಿದ್ದ ಡ್ರಿಲ್ಲು ನಿಂತಿತು. ಹುಲೆಪ್ಪ ಫೋನನ್ನು ಕಿವಿಗೆ ಒತ್ತಿ ಹಿಡಿದ. ಜಹೀರುದ್ದೀನ ಇಷ್ಟು ದಿನದ ಮೇಲೆ ಕನ್ನಡದಲ್ಲಿ ಮಾತಾಡಿದ, ನಿಂಬರ್ಗಾದ ಅಚ್ಚ ಕನ್ನಡದಲ್ಲಿ.

"ನಮಗ ಕನ್ನಡಾ ತಿಳ್ಯಂಗಿಲ್ರಿ."

ಫೋನು ಕಟ್ಟಾಯಿತು. ಕರೆಂಟಿನವ ಯಾವಾಗ ಬರುತ್ತಾನೆ ಎಂದು ಅನೀಲಕುಮಾರ ಕೇಳಿದ. ಹುಲೆಪ್ಪ ಅಂಗೈಯಲ್ಲಿದ್ದ ಸ್ಕ್ರೂ ನೋಡುತ್ತ ನಿಂತ. ಕೆಳಗೆ ವೈರಿಗೆ ಜೋತುಬಿದ್ದ ದೀಪದಿಂದ, ಒಳಗೆ ನಿಂತಿದ್ದ ಹಳೆಯ ನೀರು ಹನಿ ಹನಿಯಾಗಿ ಇಳಿಯುತ್ತಿತ್ತು.